ಆರ್. ಡಿ. ಕೆಳಗಿನ ಹೆಸರು

ರೂಬೆನ್ ಡೈನಿಸ್ ನಮ್ಮ ಬಂಡೆಗೆ ಸ್ವಯಂಸೇವಕರಾಗಿ ಬಂದು ಸೇರಿದ ದಿನ ನಾನು ಅವರಿಗೆ ಒಂದು ಕಂದು ಟೋಪಿಯನ್ನೂ ಒಂದು ಎಚ್ಚರಿಕೆಯನ್ನೂ ಕೊಟ್ಟೆ. ಬಂದವರ ಜೊತೆ ಎಷ್ಟು ಬೇಕಾದರೂ ಮಾತಾಡಿ, ಆದರೆ ಒಬ್ಬರನ್ನೂ ಕಲ್ಲು ಕೆರೆಯಲು ಬಿಡಬೇಡಿ ಎಂದೆ. ಅವರು ಟೋಪಿಯನ್ನು ತಲೆಗಿಟ್ಟುಕೊಂಡು, "ಅದೊಂದು ನಂಗೆ ಬಿಡು ಮಾರ್ವಾ," ಎಂದರು. ಸಕ್ಕರೆ ಕಾರ್ಖಾನೆಯಲ್ಲಿ ಮೂವತ್ತೆಂಟು ವರ್ಷ ಯಂತ್ರ ರಿಪೇರಿ ಮಾಡಿ ನಿವೃತ್ತರಾದ ಮನುಷ್ಯ, ಹೆಂಡತಿ ತೀರಿಹೋಗಿ ಆರು ತಿಂಗಳಾಗಿತ್ತು. ಮನೆಯಲ್ಲಿ ಕೂತು ಗೋಡೆ ನೋಡುವ ಬದಲು ಇಲ್ಲಿ ಬಂದು ಬಂಡೆ ನೋಡುತ್ತಾರೆ, ನೋಡಲಿ ಎಂದುಕೊಂಡೆ.

ಬಂಡೆ ಎಂದರೆ ದೊಡ್ಡ ಬೆಟ್ಟವೇನಲ್ಲ. ಪ್ಲಾಟ್ ನದಿಯ ದಡದಲ್ಲಿ ಕಾಲು ಮೈಲಿ ಉದ್ದಕ್ಕೆ ಗೋಡೆಯಂತೆ ನಿಂತಿರುವ ಮರಳುಗಲ್ಲು. ಉಗುರಿನಲ್ಲಿ ಕೆರೆದರೂ ಪುಡಿ ಉದುರುವಷ್ಟು ಮೆದು. ನೂರೆಪ್ಪತ್ತು ವರ್ಷಗಳ ಹಿಂದೆ ಎತ್ತಿನ ಗಾಡಿ ಕಟ್ಟಿಕೊಂಡು, ಹೊಸ ನೆಲ ಹುಡುಕಿ ದೂರದ ಪಶ್ಚಿಮ ಕರಾವಳಿಯ ಓರೆಗನ್ನಿಗೆ ಹೊರಟವರು ಇಲ್ಲಿ ತಂಗಿ, ಎತ್ತುಗಳಿಗೆ ನೀರು ಕುಡಿಸಿ, ಕೈಗೆ ಸಿಕ್ಕಿದ ಚಾಕುವಿನಲ್ಲಿ ತಮ್ಮ ಹೆಸರು ಕೆತ್ತಿ ಮುಂದೆ ಹೋದರು. ಅವರು ಕೆತ್ತಿದ್ದು ಇತಿಹಾಸ, ನೀವು ಕೆತ್ತಿದರೆ ದಂಡ. ನಾನು ಈ ಜಾಗದ ಉಸ್ತುವಾರಿ. ಬೆಳಿಗ್ಗೆ ಗೇಟು ತೆಗೆಯುವುದು, ಶೌಚಾಲಯ ತೊಳೆಯುವುದು, ಕಾಲುದಾರಿಯಲ್ಲಿ ಬಿಸಿಲು ಕಾಯುವ ಹಾವನ್ನು ಉದ್ದ ಕೋಲಿನಿಂದ ಆಚೆ ಸರಿಸುವುದು, ಎಲ್ಲ ನನ್ನದೇ. ಇಪ್ಪತ್ತೆರಡು ವರ್ಷವಾಯಿತು. ಇಲ್ಲಿಗೆ ಬರುವ ಜನರನ್ನು ನೋಡಿ ನೋಡಿ ಮನುಷ್ಯಜಾತಿಯ ಮೇಲೆ ನನಗೆ ಅಂಥ ದೊಡ್ಡ ಅಭಿಪ್ರಾಯವೇನೂ ಉಳಿದಿಲ್ಲ.

ರೂಬೆನ್ ಮಾತ್ರ ಬೇರೆ ಥರ. ಕೆರೆಯಲು ಹೋದವರನ್ನು ಅವರು ಬೈಯುತ್ತಿರಲಿಲ್ಲ, ಹತ್ತಿರ ಹೋಗಿ ಮೆಲ್ಲಗೆ ನಿಲ್ಲುತ್ತಿದ್ದರು. ಒಮ್ಮೆ ಟೆಕ್ಸಾಸಿನಿಂದ ಬಂದ ದಢೂತಿ ಆಸಾಮಿಯೊಬ್ಬ ಕಾರಿನ ಕೀಲಿ ತೆಗೆದು ಶುರುಮಾಡಿಯೇ ಬಿಟ್ಟಿದ್ದ.

"ಏನು ಕೆತ್ತಬೇಕು ಅಂತಿದೀರಿ ಸಾರ್?" ಎಂದು ರೂಬೆನ್ ಕೇಳಿದರು.

"ನನ್ನ ಹೆಸರು."

"ಯಾಕೆ?"

"ಯಾಕೆ ಅಂದ್ರೆ... ಇಲ್ಲಿಗೆ ಬಂದಿದ್ದೆ ಅಂತ ಗೊತ್ತಾಗಲಿ ಅಂತ."

"ಯಾರಿಗೆ?"

ಆಸಾಮಿ ಕೀಲಿಯನ್ನು ಜೇಬಿಗೆ ಹಾಕಿಕೊಂಡ. "ನಿಮ್ಮ ಜೊತೆ ಮಾತಾಡಿದ್ರೆ ಹೆಂಡತಿ ಜೊತೆ ಮಾತಾಡಿದ ಹಾಗೇ ಆಗುತ್ತೆ ನೋಡಿ," ಎಂದು ಗೊಣಗಿ ಹೋದ. ರೂಬೆನ್ ನಗಲಿಲ್ಲ. ಅವನು ಕೆರೆದಿದ್ದ ಒಂದು ಗೀಟಿನ ಮುಂದೆ ಬಗ್ಗಿ ನಿಂತು ಎಷ್ಟೋ ಹೊತ್ತು ನೋಡಿದರು. ಆಗ ನನಗೆ ಅದು ಅತಿ ಎನ್ನಿಸಿತ್ತು.

ರೂಬೆನ್ ಹುಟ್ಟಿದ್ದು ಬೆಳೆದದ್ದು ಇದೇ ಊರಿನಲ್ಲಿ, ಬಂಡೆಯಿಂದ ಐದು ಮೈಲಿ ದೂರದಲ್ಲಿ. ಅವರ ಅಜ್ಜ ರಷ್ಯಾದಲ್ಲಿ ನೆಲೆಸಿದ್ದ ಜರ್ಮನರ ಪೈಕಿ, ಸಕ್ಕರೆ ತೆಗೆಯುವ ಬೀಟ್ ಗೆಡ್ಡೆ ಬೆಳೆಯುವ ಈ ಕಣಿವೆಯ ಹೊಲಗಳಲ್ಲಿ ಕೂಲಿಗೆ ಬಂದು ಇಲ್ಲೇ ನಿಂತವರು. ಆ ಕುಲದವರೆಲ್ಲ ಒಂದೇ ಅಚ್ಚು: ಕೆಲಸಕ್ಕೆ ಗಟ್ಟಿ, ಮಾತಿಗೆ ಜಿಪುಣರು, ಭಾನುವಾರ ಚರ್ಚು, ಸೋಮವಾರ ಎಲೆಕೋಸು ಮಾಂಸ ತುಂಬಿದ ಬನ್ನು. ಹೆಂಡತಿ ಆರ್ಡಿತ್ ಕ್ಯಾನ್ಸಸ್ ಕಡೆಯವರು, ಇದಕ್ಕೆ ಪೂರಾ ಉಲ್ಟಾ. ನನ್ನ ತಾಯಿಯ ಗೆಳತಿ. ಚರ್ಚಿನ ಅಡುಗೆಮನೆಯಲ್ಲಿ ಇಬ್ಬರೂ ಸೇರಿದರೆ ಆಲೂಗಡ್ಡೆಯ ಸಿಪ್ಪೆ ಕಡಿಮೆ, ಊರಿನವರ ಸಿಪ್ಪೆ ಜಾಸ್ತಿ ಬಿಡಿಸುತ್ತಿದ್ದರು. ಆರ್ಡಿತ್‌ಗೆ ಇದ್ದದ್ದು ಒಂದೇ ಆಸೆ, ದೇಶ ನೋಡಬೇಕು. ಮಕ್ಕಳಾಗಲಿಲ್ಲ, ಆ ಪ್ರೀತಿಯೆಲ್ಲ ನಕ್ಷೆಯ ಮೇಲೆ ಹೋಯಿತು ಎಂದು ನನ್ನ ತಾಯಿ ಹೇಳುತ್ತಿದ್ದರು.

ಹಾಗಾಗಿ ಪ್ರತಿ ಆಗಸ್ಟ್, ಕಾರ್ಖಾನೆಯಲ್ಲಿ ಬೀಟ್ ಅರೆಯಲು ಶುರುವಾಗುವ ಮೊದಲು, ಇಬ್ಬರೂ ಪಿಕಪ್ಪಿನ ಹಿಂದೆ ಮಲಗಲು ಜಾಗವಿದ್ದ ಕ್ಯಾಂಪರ್ ಗಾಡಿ ಕಟ್ಟಿಕೊಂಡು ಎರಡು ವಾರ ಹೊರಡುತ್ತಿದ್ದರು. ಮೂವತ್ತು ವರ್ಷ ಬಿಡದೆ ಹೋದರು. ಗೆಟ್ಟಿಸ್‌ಬರ್ಗ್ ಯುದ್ಧಭೂಮಿ, ಗ್ರ್ಯಾಂಡ್ ಕ್ಯಾನಿಯನ್, ಫಿಲಡೆಲ್ಫಿಯಾದ ಸ್ವಾತಂತ್ರ್ಯದ ಗಂಟೆ, ಕ್ಯಾಲಿಫೋರ್ನಿಯಾದ ಮಹಾವೃಕ್ಷಗಳು, ಯಾವುದನ್ನೂ ಬಿಡಲಿಲ್ಲ. ತಿರುಗಿ ಬಂದ ಮೇಲೆ ಆರ್ಡಿತ್ ಫೋಟೋಗಳನ್ನು ಆಲ್ಬಮ್ಮಿಗೆ ಅಂಟಿಸಿ ನಮ್ಮ ಮನೆಗೆ ತರುತ್ತಿದ್ದರು, ಅವರು ಕಥೆ ಹೇಳುತ್ತಿದ್ದರೆ ನಾನು ಕಾಫಿ ಕಾಯಿಸಲು ಕೂಡ ಏಳುತ್ತಿರಲಿಲ್ಲ. ಹೇಳಿದ ದೂರೆಲ್ಲ ಗಂಡನ ಮೇಲೇ.

"ಪ್ಲಿಮತ್‌ಗೆ ಹೋದ್ವಿ ಕಣೇ. ಈ ದೇಶಕ್ಕೆ ಹಡಗಲ್ಲಿ ಮೊದಲು ಬಂದೋರು ಕಾಲಿಟ್ಟ ಕಲ್ಲು ಅಂತ ದೇಶಕ್ಕೆ ದೇಶವೇ ನೋಡೋಕೆ ಬರುತ್ತೆ. ಇವನು ಅಲ್ಲಿ ನಿಂತ್ಕೊಂಡು ಗೈಡನ್ನ ಕೇಳ್ತಾನೆ, ಇದು ಮೊದಲು ಎಷ್ಟು ದೊಡ್ಡದಿತ್ತು, ಜನ ಒಡ್ಕೊಂಡು ಹೋದ ಚೂರೆಲ್ಲ ಈಗ ಎಲ್ಲಿದೆ ಅಂತ. ಆ ಗೈಡು ಪಾಪ, ಇವನೇ ಒಡ್ಕೊಂಡು ಹೋಗೋಕೆ ಬಂದಿದಾನೆ ಅಂದ್ಕೊಂಡ."

ಎಲ್ಲೆಡೆಯೂ ಇದೇ ಕಥೆ. ಫಿಲಡೆಲ್ಫಿಯಾದಲ್ಲಿ ಎಲ್ಲರೂ ಗಂಟೆಯ ಬಿರುಕು ನೋಡಿದರೆ ರೂಬೆನ್ ನೋಡಿದ್ದು ಅದರ ಅಂಚನ್ನು. ನೆನಪಿಗೆಂದು ಒಂದೊಂದು ಚೂರು ಕೆತ್ತಿಕೊಂಡು ಹೋದವರ ಗುರುತು ಅಲ್ಲಿತ್ತಂತೆ. ಯೆಲ್ಲೋಸ್ಟೋನಿನಲ್ಲಿ ಜನ ಚಿಲ್ಲರೆ ಕಾಸು ಎಸೆದೆಸೆದು ಬಣ್ಣವೇ ಕೆಟ್ಟುಹೋದ ಬಿಸಿನೀರಿನ ಹೊಂಡವೊಂದಿದೆ, ಅದರ ಮುಂದೆ ಮುಕ್ಕಾಲು ಗಂಟೆ ನಿಂತರು. ಕಾರು ದಾಟಲೆಂದು ಬುಡ ಕೊರೆದ ದೊಡ್ಡ ಮರದೊಳಗೆ ಪಿಕಪ್ ಓಡಿಸು ಎಂದು ಆರ್ಡಿತ್ ಅಂಗಲಾಚಿದರೆ, ಇಳಿದು ನಡೆದೇ ದಾಟಿದರು. ಗ್ರ್ಯಾಂಡ್ ಕ್ಯಾನಿಯನ್ನಿನಲ್ಲಿ ಮಾತ್ರ ಕಟ್ಟೆಯ ಮೇಲೆ ಕೂತವರು ಕತ್ತಲಾಗುವವರೆಗೆ ಏಳಲಿಲ್ಲ. ಆರ್ಡಿತ್‌ಗೆ ಖುಷಿಯಾಗಿ, ಅಂತೂ ಇವನಿಗೆ ಏನೋ ಒಂದು ಹಿಡಿಸಿತಲ್ಲ ಎಂದುಕೊಂಡು ಕೇಳಿದರಂತೆ. "ಇದನ್ನ ಯಾರೂ ಏನೂ ಮಾಡೋಕಾಗಲ್ಲ, ಅಷ್ಟು ದೊಡ್ಡದು. ಅದಕ್ಕೇ ನೆಮ್ಮದಿ," ಎಂದರಂತೆ ರೂಬೆನ್.

"ನೂರಾರು ಮೈಲಿ ಬಂದು ಇವನು ನೋಡೋದು ಯಾರು ಏನು ಕೆಡಿಸಿದಾರೆ ಅಂತ," ಎಂದು ಆರ್ಡಿತ್ ನಗುತ್ತಿದ್ದರು. "ಪಕ್ಕದಲ್ಲಿ ಸೂರ್ಯ ಮುಳುಗ್ತಿದ್ರೂ ಆ ಕಡೆ ತಿರುಗಲ್ಲ. ಇನ್ನೂ ಕೇಳು, ದೇಶವೆಲ್ಲ ತೋರಿಸಿದಾನೆ, ನಮ್ಮೂರಲ್ಲೇ ಇರೋ ಬಂಡೆ ತೋರಿಸಿಲ್ಲ. ಕೇಳಿದ್ರೆ ಹಾವಿದೆ ಅಂತಾನೆ. ಅರಿಜೋನಾದಲ್ಲಿ ಹಾವಿರಲಿಲ್ವಾ?"

"ನೀವೊಬ್ರೇ ಬನ್ನಿ, ನಾನು ತೋರಿಸ್ತೀನಿ," ಎಂದರೆ ಒಪ್ಪುತ್ತಿರಲಿಲ್ಲ. ಗಂಡನ ಜೊತೆಯೇ ಬರಬೇಕೆಂಬ ಹಟ. ಕೊನೆಗೂ ಬರಲಿಲ್ಲ. ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ನಾಲ್ಕು ತಿಂಗಳು ಕೂಡ ಉಳಿಯಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ರೂಬೆನ್ ಮೂವತ್ತು ವರ್ಷ ದೇಶ ತುಂಬ ಹೆಗಲು ಮುಟ್ಟಿ ನೋಡಿಕೊಂಡು ತಿರುಗಿದ್ದರು. ಇದು ನನಗೆ ತಿಳಿದದ್ದು ಒಂದು ಕಾಗದದಿಂದ. ಅವರು ಸೇರಿದ ನಾಲ್ಕೈದು ವರ್ಷಕ್ಕೆ ರಾಜ್ಯದ ಕಚೇರಿಯಿಂದ ಅವರ ಹೆಸರಿಗೆ ಬಂದ ಉತ್ತರ ನನ್ನ ಮೇಜಿಗೆ ಬಂತು, ನಾನು ಒಡೆದು ಓದಿದೆ. ಒಡೆಯಬಾರದಿತ್ತು, ಒಡೆದೆ. ಬಂಡೆಯ ಕೆಳತುದಿಯಲ್ಲಿ, ಒರತೆಯ ಪಕ್ಕದಲ್ಲಿ 'ಆರ್. ಡಿ. 1962' ಎಂಬ ಕೆತ್ತನೆಯಿದೆ, ಇದು ಬರೀ ಪುಂಡಾಟ, ದಯವಿಟ್ಟು ಮುಚ್ಚಿಸಿ, ಖರ್ಚು ನಾನೇ ಕೊಡುತ್ತೇನೆ ಎಂದು ಇವರು ಬರೆದಿದ್ದರು. ಅದಕ್ಕೆ ಕಚೇರಿಯ ಉತ್ತರ: ಸದರಿ ಕೆತ್ತನೆ ಐವತ್ತು ವರ್ಷ ದಾಟಿರುವುದರಿಂದ ಅದೂ ಈಗ ಚಾರಿತ್ರಿಕ. ಅದನ್ನು ಮುಚ್ಚುವುದಾಗಲಿ ಅಳಿಸುವುದಾಗಲಿ ಅಪರಾಧ. ತಮ್ಮ ಕಾಳಜಿಗೆ ಧನ್ಯವಾದ.

ನಾನು ಬಿದ್ದು ಬಿದ್ದು ನಕ್ಕೆ. ಆರ್. ಡಿ. ಎಂದರೆ ಯಾರೆಂದು ಗೊತ್ತಾಗಲು ಪೊಲೀಸರು ಬೇಕಿರಲಿಲ್ಲ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂದುಕೊಂಡೆ. ಆದರೆ ಊರಿನಲ್ಲಿ ಆ ಕಾಲದ ಹುಡುಗರು ಯಾರು ತಾನೇ ಕೆರೆದಿಲ್ಲ, ನನ್ನ ಸ್ವಂತ ಚಿಕ್ಕಪ್ಪನ ಹೆಸರು ಎರಡು ಕಡೆ ಇದೆ. ಕಾಗದವನ್ನು ಮತ್ತೆ ಅಂಟಿಸಿ ಕೊಟ್ಟೆ. ರೂಬೆನ್ ಓದಿ, ನಾಲ್ಕಾಗಿ ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡರು. ಅಂದು ಮಧ್ಯಾಹ್ನ ಊಟದ ಡಬ್ಬಿ ತೆರೆಯಲೇ ಇಲ್ಲ.

ಹೋದ ಜುಲೈನಲ್ಲಿ ಹೆಸ್ಟರ್ ಲಿಂಡ್‌ಗ್ರೆನ್ ಬಂದರು. ಓರೆಗನ್ನಿನಿಂದ ಮೂರು ದಿನ ಒಬ್ಬರೇ ಕಾರು ಓಡಿಸಿಕೊಂಡು. ವಯಸ್ಸು ಎಂಬತ್ತೊಂದು. ಹಳ್ಳಿಗಳಿಗೆ ಅಂಚೆ ಹಂಚುವ ಕೆಲಸದಲ್ಲಿ ನಲವತ್ತು ವರ್ಷ ಕಾರಿನಲ್ಲೇ ಕಳೆದವರು, ಹಾಗಾಗಿ ಇದೇನು ದೊಡ್ಡದಲ್ಲ ಎಂದರು. ಕೋಲೂರಿಕೊಂಡು ನೇರ ನನ್ನ ಬಳಿ ಬಂದು, "ಮೊದಲು ಶೌಚಾಲಯ ಎಲ್ಲಿದೆ ಹೇಳಮ್ಮ. ಇತಿಹಾಸ ಆಮೇಲೆ ನೋಡೋಣ," ಎಂದರು. ನನಗೆ ಆ ಕ್ಷಣಕ್ಕೇ ಇಷ್ಟವಾದರು.

ಬಂದು ಬೆಂಚಿನ ಮೇಲೆ ಕೂತು, ಕೈಚೀಲದಿಂದ ಹಳೆಯ ಕಾಗದಗಳ ನಕಲು ತೆಗೆದು ರೂಬೆನ್ ಮುಂದೆ ಹರಡಿದರು. ಅವರ ಮುತ್ತಜ್ಜಿ ಹನ್ನೊಂದು ವರ್ಷದ ಹುಡುಗಿಯಾಗಿದ್ದಾಗ, 1852ರಲ್ಲಿ, ಅಪ್ಪ ಅಮ್ಮ ಅಕ್ಕನ ಜೊತೆ ಇದೇ ದಾರಿಯಲ್ಲಿ ಗಾಡಿಯಲ್ಲಿ ಹೋದವರು. ಅಕ್ಕನ ಹೆಸರು ಲೊವಿನಾ ಪ್ರೂಯಿಟ್, ಹತ್ತೊಂಬತ್ತು ವರ್ಷ. ಅದು ಕಾಲರಾ ವರ್ಷ. ತಾಯಿಯ ದಿನಚರಿಯಲ್ಲಿ ಜೂನ್ ಹದಿನೇಳರಂದು, ಇಲ್ಲಿಂದ ಹತ್ತು ದಿನದ ದಾರಿಯಷ್ಟು ಪೂರ್ವದಲ್ಲಿ, 'ಲೊವಿನಾಗೆ ಸಂಜೆಯಿಂದ ಕಾಯಿಲೆ' ಎಂದಿದೆ. ಆಮೇಲಿನ ಹಾಳೆಗಳನ್ನು ಯಾರೋ ಹರಿದಿದ್ದಾರೆ. ಓರೆಗನ್ ಸೇರಿದಾಗ ಲೊವಿನಾ ಇರಲಿಲ್ಲ.

"ನಮ್ಮ ದೊಡ್ಡಪ್ಪನ ಕಡೆಯವರು ಏನು ಹೇಳ್ತಾರೆ ಗೊತ್ತಾ?" ಎಂದರು ಹೆಸ್ಟರ್. "ಕಾಯಿಲೆ ಎಲ್ಲರಿಗೂ ಅಂಟುತ್ತೆ ಅಂತ ಹೆದರಿ ಅವಳನ್ನ ಮರದ ಕೆಳಗೆ ಮಲಗಿಸಿ, ಪಕ್ಕದಲ್ಲಿ ಒಂದು ಬಕೆಟ್ ನೀರಿಟ್ಟು, ಉಸಿರಿರುವಾಗಲೇ ಗಾಡಿ ಹೊಡ್ಕೊಂಡು ಬಂದ್ರು ಅಂತ. ನೂರೆಪ್ಪತ್ತು ವರ್ಷದಿಂದ ಇದೇ ಮಾತು. ನಮ್ಮ ಮುತ್ತಜ್ಜಿನ ಯಾರಾದ್ರೂ ಕೇಳಿದ್ರೆ ತಟ್ಟೆ ಬಿಟ್ಟು ಎದ್ದು ಹೋಗೋರಂತೆ. ನಮ್ಮಜ್ಜಿ ಸಾಯೋವಾಗ ನನ್ನ ಕೈ ಹಿಡ್ಕೊಂಡು ಹೇಳಿದ್ರು, ಬಿಟ್ಟು ಬಂದಿಲ್ಲ ಹೆಸ್ಟರ್, ನಮ್ಮೋರು ಬಿಟ್ಟು ಬಂದಿಲ್ಲ ಅಂತ. ಆದ್ರೆ ಅವರಿಗೂ ಗೊತ್ತಿರಲಿಲ್ಲ."

ಈಗ ದೊಡ್ಡಪ್ಪನ ಕಡೆಯವರು ವಂಶದ ಪುಸ್ತಕ ಅಚ್ಚು ಹಾಕಿಸುತ್ತಿದ್ದರು. ಮುಂದಿನ ಭಾನುವಾರ ಇಡೀ ಕುಟುಂಬ ಸೇರುವುದಿತ್ತು, ಪುಸ್ತಕದಲ್ಲಿ ಏನು ಬರಬೇಕೆಂಬುದಕ್ಕೆ ಅಂದೇ ಕೊನೆಯ ಮಾತು. ಹೆಸ್ಟರ್ ಬಳಿ ಇದ್ದದ್ದು ಆ ಗಾಡಿಗಳ ಸಾಲಿನಲ್ಲೇ ಬಂದ ಇನ್ನೊಬ್ಬ ಪ್ರಯಾಣಿಕ ಮನೆಗೆ ಬರೆದ ಪತ್ರದ ಒಂದು ಸಾಲು: 'ಬಂಡೆಯ ಕೆಳತುದಿಯಲ್ಲಿ, ಒರತೆಯ ಹತ್ತಿರ, ಪ್ರೂಯಿಟ್ ಹುಡುಗಿಯ ಹೆಸರು ಕಂಡೆ.'

"ಹೆಸರು ಇಲ್ಲಿದ್ರೆ, ಅವಳು ಇಲ್ಲಿವರೆಗೆ ಬಂದಿದ್ಲು ಅಂತ," ಎಂದರು. "ಅಷ್ಟು ಸಾಕು ನಂಗೆ. ಕಣ್ಣಲ್ಲಿ ನೋಡ್ಬೇಕು."

ರೂಬೆನ್ ಅವರನ್ನು ಒರತೆಯ ಕಡೆ ಕರೆದುಕೊಂಡು ಹೋದರು, ನಾನು ಹಿಂದೆ ಹೋದೆ. ಮಂಡಿಯೆತ್ತರದಲ್ಲಿ, ನೆರಳಿನಲ್ಲಿ, ಬೆರಳು ಹೋಗುವಷ್ಟು ಆಳದ ದಪ್ಪ ಅಕ್ಷರಗಳಲ್ಲಿ 'ಆರ್. ಡಿ. 1962'. ಅದರ ಸುತ್ತ ಅಲ್ಲೊಂದು ಇಲ್ಲೊಂದು ಹಳೆಯ ಗೀಟಿನ ತುದಿ, ಅಷ್ಟೇ.

"ಇಲ್ಲೇ ಇದ್ದಿರಬಹುದು ಮೇಡಂ," ಎಂದರು ರೂಬೆನ್. ನೆಲ ನೋಡುತ್ತಿದ್ದರು. "ಕಲ್ಲು ಮೆದು. ಗಾಳಿ ಮಳೆ ತಿಂದುಬಿಟ್ಟಿದೆ."

ಹೆಸ್ಟರ್ ಬಗ್ಗಿ, ಕನ್ನಡಕ ಏರಿಸಿ ಇಳಿಸಿ ಬಹಳ ಹೊತ್ತು ನೋಡಿದರು. ಕೊನೆಗೆ ಕೋಲೂರಿ ನೆಟ್ಟಗಾದರು. "ಗಾಳಿ ಮೇಲೆ ಕೋಪ ಮಾಡ್ಕೊಂಡು ಏನು ಪ್ರಯೋಜನ," ಎಂದರು. "ಸರಿ. ಅವರು ಹೇಳಿದ ಹಾಗೇ ಅಚ್ಚಾಗಲಿ. ನಂಗೂ ಸಾಕಾಗಿದೆ." ರೂಬೆನ್ ಕೈ ಕುಲುಕಿ, ಒಳ್ಳೆಯ ಮನುಷ್ಯರು ನೀವು, ಬಿಸಿಲಲ್ಲಿ ನನ್ನ ಜೊತೆ ಇಷ್ಟು ನಡೆದಿರಿ ಎಂದು ಹೇಳಿ ಕಾರಿನ ಕಡೆ ಹೊರಟರು. ನಿಧಾನಕ್ಕೆ ಹೋದರು, ಬಂದಾಗ ಇದ್ದ ಚುರುಕು ಆ ಕಾಲುಗಳಲ್ಲಿ ಇರಲಿಲ್ಲ.

ರೂಬೆನ್ ನನ್ನ ಕೋಣೆಗೆ ಬಂದು ಕುರ್ಚಿಯಲ್ಲಿ ಕುಸಿದರು. ನೀರು ಕೊಟ್ಟೆ.

"ಮಾರ್ವಾ, ಆ ಆರ್. ಡಿ. ನಾನೇ."

"ಗೊತ್ತು."

"ಗೊತ್ತಾ?"

"ಏಳೆಂಟು ವರ್ಷದಿಂದ ಗೊತ್ತು. ನಿಮ್ಮ ಕಾಗದ ಓದಿದ್ದೆ. ಬೈಯಬೇಕು ಅಂದ್ರೆ ಬೈಯಿರಿ."

ಅವರು ಬೈಯಲಿಲ್ಲ. "ಅದರ ಕೆಳಗೆ ಏನಿತ್ತು ಅಂತ ಗೊತ್ತಾ?"

ಅದು ನನಗೆ ಗೊತ್ತಿರಲಿಲ್ಲ. ಅವರ ಮುಖ ನೋಡಿದೆ, ಗೊತ್ತಾಯಿತು. ಈಗ ನಾನು ಹೇಳುವ ಮಾತಿಗೆ ನನಗೇ ನಾಚಿಕೆಯಿದೆ, ಆದರೂ ಹೇಳುತ್ತೇನೆ. "ಹೋಗ್ಲಿ ಬಿಡಿ ರೂಬೆನ್," ಎಂದೆ ನಾನು. "ಅವರು ಹೊರಟ್ರು. ಗಾಳಿ ಅಂತ ಒಪ್ಕೊಂಡು ಸಮಾಧಾನವಾಗಿ ಹೊರಟ್ರು. ಈಗ ಹೋಗಿ ಹೇಳಿದ್ರೆ ಅವರಿಗೂ ಸಂಕಟ, ನಿಮಗೂ ಮರ್ಯಾದೆ ಇಲ್ಲ. ನಾಳೆ ಊರೆಲ್ಲ ಆಡ್ಕೊಳ್ಳುತ್ತೆ. ಈ ಟೋಪಿ ಕೂಡ ವಾಪಸ್ ಕೇಳ್ತಾರೆ, ನಾನೇ ಇಸ್ಕೋಬೇಕಾಗುತ್ತೆ." ಆ ಬಂಡೆ ಬಿಟ್ಟರೆ ಅವರಿಗೆ ಬೇರೆ ಏನೂ ಉಳಿದಿರಲಿಲ್ಲ. ನನಗೂ ಹನ್ನೆರಡು ವರ್ಷದ ಅಭ್ಯಾಸ, ಅವರಿಲ್ಲದ ಬೇಸಿಗೆ ಹೇಗಿರುತ್ತದೆ ಎಂದು ನೆನೆದರೆ ಬೇಸರವಾಗುತ್ತಿತ್ತು.

ರೂಬೆನ್ ಗ್ಲಾಸನ್ನು ಮೇಜಿನ ಮೇಲಿಟ್ಟರು. "ಆರ್ಡಿತ್‌ಗೆ ಹೇಳ್ಬೇಕಿತ್ತು ನಾನು. ನಾಳೆ ಹೇಳಿದ್ರಾಯ್ತು, ನಾಳೆ ಹೇಳಿದ್ರಾಯ್ತು ಅಂತ ಮೂವತ್ತು ವರ್ಷ ತಳ್ಳಿದೆ. ಆಸ್ಪತ್ರೇಲೂ ಕೇಳಿದ್ಲು, ಆ ಬಂಡೇಲಿ ಏನಿದೆ ರೂಬೆನ್ ಅಂತ. ಹಾವಿದೆ ಅಂದೆ ನಾನು. ಸಾಯೋಳಿಗೆ ಹಾವಿದೆ ಅಂದೆ."

ಎದ್ದರು. ಎಪ್ಪತ್ತನಾಲ್ಕು ವರ್ಷದ ಮನುಷ್ಯ, ಮೊಣಕಾಲು ಎರಡೂ ಕೆಟ್ಟಿವೆ, ಅಂಥವರು ಜಲ್ಲಿ ಹಾಕಿದ ದಾರಿಯಲ್ಲಿ ಓಡಿದರು. ಹೆಸ್ಟರ್ ಕಾರು ಶುರುಮಾಡಿ ಕನ್ನಡಿ ಸರಿಪಡಿಸಿಕೊಳ್ಳುತ್ತಿದ್ದರು. ರೂಬೆನ್ ಹೋಗಿ ಕಾರಿನ ಎದುರಿಗೇ ನಿಂತುಬಿಟ್ಟರು.

"ಏನ್ರೀ, ಸಾಯೋ ಆಸೆನಾ?" ಎಂದು ಹೆಸ್ಟರ್ ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಗಾಳಿ ಅಲ್ಲ ಮೇಡಂ," ಎಂದರು ರೂಬೆನ್, ಏದುಸಿರು ಬಿಡುತ್ತಾ. "ನಾನು. ಆ ಹೆಸರು ಹಾಳು ಮಾಡಿದ್ದು ಗಾಳಿಯಲ್ಲ, ನಾನು."

ಹೆಸ್ಟರ್ ಇಂಜಿನ್ ಆರಿಸಿದರು. ಇಳಿದು, ಮತ್ತೆ ಆ ಕಾಲು ಮೈಲಿ ನಡೆದರು. ರೂಬೆನ್ ತೋಳು ಕೊಡಲು ಹೋದರೆ ಹಿಡಿಯಲಿಲ್ಲ. ನಾನೂ ಹಿಂದೆ ಹೋದೆ. ಹೋಗದಿದ್ದರೆ ಸರಿಯಿರುತ್ತಿತ್ತೋ ಏನೋ, ಕಾಲು ನಿಲ್ಲಲಿಲ್ಲ.

ಒರತೆಯ ಬಳಿ ನಿಂತು ರೂಬೆನ್ ಹೇಳಿದರು. ಹದಿನೈದು ವರ್ಷ ಅವರಿಗೆ. ಬೀಟ್ ಹೊಲದಲ್ಲಿ ಕಳೆ ಕೀಳುವ ಕೆಲಸಕ್ಕೆ ಅಂದು ರಜೆ. ಗೆಳೆಯರು ನಾಲ್ಕು ಜನ ಬಂದಿದ್ದರು, ಎಲ್ಲರೂ ತಮ್ಮ ಹೆಸರು ಮೇಲೆ ಕೆತ್ತಿದರು. ಇವರಿಗೆ ಮೇಲೆ ಜಾಗ ಸಿಗಲಿಲ್ಲ. ಕೆಳಗೆ ಈ ಹೆಸರು ಕಂಡಿತು. ಅಜ್ಜನ ಕಾಲದ ಬೀಟ್ ಕತ್ತಿ ತಂದಿದ್ದರು, ಅದರ ತುದಿಯಲ್ಲಿ ಕೊಕ್ಕೆ ಇರುತ್ತದೆ, ಈ ಕಲ್ಲಿಗೆ ಅದಕ್ಕಿಂತ ಒಳ್ಳೆಯ ಆಯುಧ ಬೇಡ. ಮಧ್ಯಾಹ್ನವೆಲ್ಲ ಕೂತು ಕೆತ್ತಿದರು.

"ಓದಕ್ಕೆ ಬರ್ತಿತ್ತಾ ಆಗ?" ಎಂದು ಹೆಸ್ಟರ್ ಕೇಳಿದರು.

"ಬರ್ತಿತ್ತು ಮೇಡಂ. ಸ್ಪಷ್ಟವಾಗಿ ಓದಿದೆ. ಓದಿದ ಮೇಲೇ ಕೆತ್ತಿದೆ. ಯಾರೋ ಸತ್ತೋರು, ಇವರನ್ನ ಯಾರು ಹುಡ್ಕೊಂಡು ಬರ್ತಾರೆ ಅಂದ್ಕೊಂಡೆ." "ಆ ಸಂಜೆ ಮನೆಗೆ ಹೋಗೋಷ್ಟರಲ್ಲೇ ಎಂಥ ಕೆಲಸ ಮಾಡ್ದೆ ಅನ್ನೋ ಕೊರಗು ಶುರುವಾಯ್ತು. ಇನ್ನೂ ಹೋಗಿಲ್ಲ."

"ಹೆಸರು ಏನಿತ್ತು?"

"ಲೊವಿನಾ ಪ್ರೂಯಿಟ್. ಕೆಳಗೆ ಜೂನ್ 28, 1852."

ಹೆಸ್ಟರ್ ಕೋಲಿನ ಮೇಲೆ ಎರಡೂ ಕೈ ಊರಿದರು. ಜೂನ್ ಹದಿನೇಳಕ್ಕೆ ಕಾಯಿಲೆ ಬಿದ್ದವಳು ಇಪ್ಪತ್ತೆಂಟಕ್ಕೆ ಇಲ್ಲಿ. ಆದರೆ ಅವರು ಅಂಚೆಯವರು, ವಿಳಾಸ ಎರಡು ಸಲ ನೋಡದೆ ಕಾಗದ ಹಾಕುವವರಲ್ಲ. "ಅಪ್ಪ ಕೆತ್ತಿರಬಹುದಲ್ಲ," ಎಂದರು. "ಸತ್ತ ಮಗಳ ನೆನಪಿಗೆ."

"ಅಪ್ಪ ಕೆತ್ತಿದ್ದಲ್ಲ ಮೇಡಂ." ರೂಬೆನ್ ಇಷ್ಟು ಖಚಿತವಾಗಿ ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. "ಗಂಡಸರು ನಿಂತು ಕೆತ್ತುತ್ತಿದ್ರು, ಉಳಿ ಹಿಡಿದು, ಎದೆ ಮಟ್ಟಕ್ಕೆ. ಸತ್ತೋರಿಗೆ ಕೆತ್ತಿದ್ರೆ ಸತ್ತ ದಿನ ಅಂತ ಹಾಕ್ತಿದ್ರು, ಈ ಬಂಡೇಲಿ ಅಂಥವು ಒಂಬತ್ತಿವೆ, ತೋರಿಸ್ತೀನಿ. ಇದರಲ್ಲಿ ಆ ಮಾತಿರಲಿಲ್ಲ. ಎತ್ತರ ನೋಡಿ. ಇಲ್ಲಿ ಕೆತ್ತಬೇಕಾದ್ರೆ ನೆಲದ ಮೇಲೆ ಕೂರಬೇಕು. ನಾನೂ ಕೂತೇ ಕೆತ್ತಿದ್ದು. ಮೊದಲಿನ ಅಕ್ಷರ ಆಳ ಇತ್ತು. ಹೋಗ್ತಾ ಹೋಗ್ತಾ ತೆಳ್ಳಗಾಗಿತ್ತು. ಕೊನೇದನ್ನ ಸುಮ್ನೆ ಗೀಚಿದ ಹಾಗಿತ್ತು, ಕೈ ಸೋತು ನಿಲ್ಲಿಸಿದ ಹಾಗೆ. ಅಕ್ಷರ ಗಟ್ಟಿಯಿಲ್ಲ, ಇದರ ಮೇಲೆ ಕೆತ್ತೋದು ಸುಲಭ ಅಂತಲೇ ನಾನು ಅದನ್ನ ಆರಿಸ್ಕೊಂಡಿದ್ದು."

ಕಾಯಿಲೆಯ ಹುಡುಗಿಯನ್ನು ಯಾರೋ ಗಾಡಿಯಿಂದ ಇಳಿಸಿ, ನೆರಳಿನಲ್ಲಿ, ನೀರಿನ ಹತ್ತಿರ ಕೂರಿಸಿ, ಕೈಗೆ ಚಾಕು ಕೊಟ್ಟು, ಅವಳು ಮುಗಿಸುವವರೆಗೆ ಕಾದಿದ್ದಾರೆ. ನನಗೇ ಅಷ್ಟು ಕಂಡಿತು. ಹೆಸ್ಟರ್‌ಗೆ ಇನ್ನೆಷ್ಟು ಕಂಡಿತೋ ತಿಳಿಯದು.

"ನೀವು ಹೇಳೋದನ್ನ ನಾನು ಯಾಕೆ ನಂಬಬೇಕು?" ಎಂದರು ಅವರು. "ಅರ್ಧ ಗಂಟೆ ಹಿಂದೆ ಗಾಳಿ ಅಂದಿದ್ರಿ."

"ನಂಬಬೇಡಿ ಮೇಡಂ. ನಂಬಿ ಅಂತ ಕೇಳೋ ಯೋಗ್ಯತೆ ನಂಗಿಲ್ಲ. ಹೇಳದೆ ಇರೋಕೆ ಆಗಲಿಲ್ಲ, ಅಷ್ಟೇ."

ಹೆಸ್ಟರ್ ಅವರನ್ನು ಮೇಲಿಂದ ಕೆಳಗೆ ನೋಡಿದರು. "ಸುಳ್ಳು ಹೇಳೋರನ್ನ ನಾನು ಬೇಕಾದಷ್ಟು ನೋಡಿದೀನಿ," ಎಂದರು. "ತಮ್ಮ ತಲೆ ಮೇಲೆ ತಾವೇ ಮಣ್ಣು ಹಾಕ್ಕೊಳ್ಳೋಕೆ ಯಾರೂ ಸುಳ್ಳು ಹೇಳಲ್ಲ."

ಆಮೇಲೆ ಅತ್ತರು. ಎಂಬತ್ತೊಂದು ವರ್ಷದವರು, ಕೋಲು ಹಿಡಿದು ನಿಂತಲ್ಲೇ, ಮುಖ ಮುಚ್ಚಿಕೊಳ್ಳದೆ. ರೂಬೆನ್ ಕೂಡ ಅಳುತ್ತಿದ್ದರು, ಆದರೆ ಹತ್ತಿರ ಹೋಗುವ ಧೈರ್ಯ ಅವರಿಗಿರಲಿಲ್ಲ. ನಾನು ಹೋಗಿ ಹೆಸ್ಟರ್ ಬೆನ್ನ ಮೇಲೆ ಕೈಯಿಟ್ಟೆ. ಬೆನ್ನು ಮೂಳೆ ಮೂಳೆ. ಸ್ವಲ್ಪ ಹೊತ್ತಿಗೆ ಅವರು ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡರು.

"ನಿಮ್ಮ ಕಪಾಳಕ್ಕೆ ಎರಡು ಬಿಡಬೇಕು ಅನ್ನಿಸ್ತಿದೆ ನಂಗೆ," ಎಂದರು ರೂಬೆನ್‌ಗೆ.

"ಬಿಡಿ ಮೇಡಂ."

"ಬಿಟ್ಟು ಏನು ಮಾಡ್ಲಿ. ಅವಳ ಕೈಬರಹ ಕಣ್ಣಾರೆ ನೋಡಿದೋರು ಈ ಭೂಮಿ ಮೇಲೆ ಉಳಿದಿರೋದು ನೀವೊಬ್ರೇ."

ಅಲ್ಲೇ ಇದ್ದ ಕಲ್ಲಿನ ಮೇಲೆ ಕೂತು, ಚೀಲದಿಂದ ಒಂದು ನೋಟ್‌ಬುಕ್ಕನ್ನೂ ಪೆನ್ಸಿಲ್ಲನ್ನೂ ತೆಗೆದು ಮಂಡಿಯ ಮೇಲಿಟ್ಟುಕೊಂಡರು.

"ಮೊದಲಿಂದ ಹೇಳಿ. ಯಾವ ಅಕ್ಷರ ಎಷ್ಟು ಆಳ ಇತ್ತು, ಎಲ್ಲಾನೂ. ನಿಧಾನಕ್ಕೆ ಹೇಳಿ, ನಂಗೆ ಅವಸರ ಇಲ್ಲ."

ರೂಬೆನ್ ಆ ಕೆಟ್ಟ ಮೊಣಕಾಲುಗಳನ್ನು ಹಿಡಿದುಕೊಂಡು ಮೆಲ್ಲಗೆ ನೆಲದ ಮೇಲೆ ಕೂತರು, ಅವಳು ಕೂತಿದ್ದಂತೆ. ತಮ್ಮ ಹೆಸರಿನ ಎಡಕ್ಕೆ, ಕಲ್ಲಿನಿಂದ ಒಂದು ಅಂಗುಲ ದೂರದಲ್ಲಿ ಬೆರಳು ಹಿಡಿದರು.

"ಇಲ್ಲಿಂದ ಶುರುಮಾಡಿದ್ಲು," ಎಂದರು.